ಕೀಲು ಬದಲಿಸಿಕೊಂಡು ಮನೆಗೆ ಬಂದ ಮೇಲೆ: ಯಾವ ಸಾಮಾನು ಕೈಹಿಡಿಯುತ್ತದೆ, ಯಾವುದು ಮಂಚದಡಿ ಸೇರುತ್ತದೆ

ಮಂಡಿಯದೋ ಸೊಂಟದ್ದೋ ಕೀಲು ಬದಲಿಸುವ ಆಪರೇಷನ್‌ಗೆ ದಿನ ಗೊತ್ತಾಗುತ್ತಿದ್ದಂತೆ ಮನೆಯಲ್ಲಿ ಖರೀದಿ ಶುರುವಾಗುತ್ತದೆ. ವಾಕರ್, ಕಮೋಡ್ ಎತ್ತರಿಸುವ ಸೀಟು, ಐಸ್ ಮೆಷಿನ್, ಉದ್ದ ಹಿಡಿಕೆಯ ಚಿಮಟ, ಬೆಣೆಯಾಕಾರದ ದಿಂಬು, ಪೆಡಲ್ ಯಂತ್ರ. ಇವುಗಳಲ್ಲಿ ಹಲವು ಎರಡನೇ ವಾರಕ್ಕೇ ಮಂಚದಡಿ ಸೇರುತ್ತವೆ. ಕೆಲವು ಒಳ್ಳೆಯ ಸಾಮಾನೇ ಆಗಿದ್ದರೂ ಅಳತೆ ತಪ್ಪಿದ್ದಕ್ಕೆ ಕಾಟ ಕೊಡುತ್ತವೆ. ಇಲ್ಲಿ ಬ್ರ್ಯಾಂಡ್‌ಗಳ ಹೋಲಿಕೆ ಇಲ್ಲ. ಈ ಸಾಮಾನುಗಳಲ್ಲಿ ಬ್ರ್ಯಾಂಡ್‌ಗಿಂತ ಅಳತೆಯೇ ಹೆಚ್ಚು ತೂಗುತ್ತದೆ, ಆ ಅಳತೆ ಇರುವುದು ರೋಗಿಯ ಮೈಯಲ್ಲಿ, ಅಂಗಡಿಯ ಡಬ್ಬಿಯ ಮೇಲಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಏನೇ ತಂದರೂ ಆಪರೇಷನ್‌ಗೆ ಮುಂಚೆ ತಂದು, ಗಾಯದ ನೋವಿಲ್ಲದ ಹೊತ್ತಿನಲ್ಲೇ ಒಂದೆರಡು ದಿನ ಬಳಸಿ ನೋಡಬೇಕು. ಹೊಲಿಗೆ ಹಾಕಿದ ಕಾಲಿಟ್ಟುಕೊಂಡು ವಾಕರ್ ಮಡಚುವುದನ್ನು ಕಲಿಯುವುದು ಯಾರಿಗೂ ಬೇಡ.

ವಾಕರ್

ನಾಲ್ಕು ಕಾಲಿನ, ಮಡಚಬಹುದಾದ ಅಲ್ಯೂಮಿನಿಯಂ ವಾಕರ್ ಸಾಕು. ಎರಡೂವರೆಯಿಂದ ಮೂರೂವರೆ ಕಿಲೋ ತೂಗುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿಡಲು ಕೈಯಲ್ಲಿ ಬಲವಿಲ್ಲದವರಿಗೆ ಮುಂದಿನ ಎರಡು ಕಾಲಿಗೆ ಚಕ್ರ ಇರುವುದು ವಾಸಿ, ನಡಿಗೆಯೂ ತಡೆತಡೆದು ಸಾಗದೆ ಸರಾಗವಾಗುತ್ತದೆ. ಚಕ್ರ ಚಿಕ್ಕದಾದರೆ ಹೊಸ್ತಿಲಿಗೆ, ಜಮಖಾನೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. 5 ಇಂಚಿನದಾದರೆ ಪರವಾಗಿಲ್ಲ.

ನಾಲ್ಕು ಚಕ್ರ, ಬ್ರೇಕು, ಕೂರಲು ಸೀಟು ಇರುವ ತಳ್ಳುಗಾಡಿಯಂಥದ್ದು ನೋಡಲು ಚೆಂದ, ಮೊದಲ ವಾರಗಳಿಗೆ ಬೇಡವೇ ಬೇಡ. ಆಪರೇಷನ್ ಆದ ಕಾಲಿನ ಭಾರವನ್ನು ಆಗ ಕೈಗಳು ಹೊರುತ್ತಿರುತ್ತವೆ. ಭಾರ ಬಿದ್ದ ಕೂಡಲೇ ಗಾಡಿ ಮುಂದೆ ಓಡುತ್ತದೆ, ಬ್ರೇಕ್ ಹಿಡಿಯುವಷ್ಟರಲ್ಲಿ ಮೈ ಹಿಂದುಳಿದಿರುತ್ತದೆ. ಎಡಬಲ ಪಕ್ಕಗಳು ಒಂದಾದ ಮೇಲೊಂದು ಮುಂದೆ ಸರಿಯುವ ವಾಕರ್ ಕೂಡ ಈ ಹಂತಕ್ಕೆ ಹೇಳಿ ಮಾಡಿಸಿದ್ದಲ್ಲ. ಅಲುಗದ ಚೌಕಟ್ಟು ಬೇಕಾದ ಹೊತ್ತಿನಲ್ಲಿ ಅದರ ಕೀಲುಗಳೇ ಅಲುಗುತ್ತವೆ. ಕೆಲವು ಮಾದರಿಗಳಲ್ಲಿ ಒಂದು ಗುಂಡಿ ತಿರುಗಿಸಿ ಅದನ್ನು ಗಟ್ಟಿ ಚೌಕಟ್ಟು ಮಾಡಬಹುದು. ಇದ್ದರೆ ಹಾಗೇ ಲಾಕ್ ಮಾಡಿ ಬಳಸಿ.

ಎತ್ತರ ಹೀಗೆ ನೋಡಬೇಕು: ಮನೆಯೊಳಗೆ ತೊಡುವ ಚಪ್ಪಲಿಯೋ ಶೂವೋ ಹಾಕಿ ನೆಟ್ಟಗೆ ನಿಂತು, ಕೈ ಇಳಿಬಿಟ್ಟರೆ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಹಿಡಿಕೆ ಅಲ್ಲಿರಬೇಕು. ಹಿಡಿದಾಗ ಮೊಣಕೈ 15ರಿಂದ 20 ಡಿಗ್ರಿ ಬಾಗಿದ್ದರೆ ಸರಿ. ಎತ್ತರ ಹೆಚ್ಚಾದರೆ ಭುಜ ಕಿವಿಯತ್ತ ಏರುತ್ತದೆ, ಕೆಳಗೆ ಒತ್ತಲು ಬಲ ಸಿಗುವುದಿಲ್ಲ. ಕಡಿಮೆಯಾದರೆ ರೋಗಿ ಮುಂದಕ್ಕೆ ಬಾಗಿ ನಡೆಯುತ್ತಾರೆ, ಸಂಜೆಗೆ ಕಾಲಿಗಿಂತ ಬೆನ್ನೇ ಹೆಚ್ಚು ನೋಯುತ್ತದೆ. ವಾಕರ್ ಕಾಲಿನ ತೂತುಗಳು ಸಾಮಾನ್ಯವಾಗಿ ಒಂದಿಂಚಿಗೊಂದು ಇರುತ್ತವೆ. ನಾಲ್ಕೂ ಕಾಲಿನಲ್ಲಿ ಕೆಳಗಿನಿಂದ ತೂತು ಎಣಿಸಿ, ಒಂದೇ ಸಂಖ್ಯೆಗೆ ನಿಲ್ಲಿಸಬೇಕು.

ಇಲ್ಲೇ ಒಂದು ಸಣ್ಣ ಅಪಾಯ ಅಡಗಿದೆ. ತೂತಿನಿಂದ ಹೊರಬರುವ ಸ್ಪ್ರಿಂಗ್ ಗುಂಡಿ ಪೂರ್ತಿ ಹೊರಬರದೆ ಅರ್ಧಕ್ಕೇ ನಿಂತಿರುತ್ತದೆ. ಕಣ್ಣಿಗೆ ಕೂತಂತೆ ಕಾಣುತ್ತದೆ, ಭಾರ ಬಿದ್ದಾಗ ಕಾಲು ಸರಕ್ಕನೆ ಒಳಗೆ ಜಾರುತ್ತದೆ. ಕೊಳವೆಯನ್ನು ಅತ್ತಿತ್ತ ತುಸು ತಿರುಗಿಸಿ, ಟಕ್ ಅನ್ನುವವರೆಗೆ ಬಿಡಬೇಡಿ. ಆಮೇಲೆ ಹೆಬ್ಬೆರಳಿನಿಂದ ನಾಲ್ಕೂ ಗುಂಡಿ ಮುಟ್ಟಿ ನೋಡಿ. ನಾಲ್ಕೂ ಒಂದೇ ಸಮ ಉಬ್ಬಿರಬೇಕು. ಕೊನೆಗೆ ಸಮತಟ್ಟಾದ ನೆಲದ ಮೇಲಿಟ್ಟು ಎದುರುಬದುರು ಮೂಲೆಗಳನ್ನು ಒತ್ತಿದರೆ ಕುಂಟುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಕಾಲಿನ ತುದಿಯ ರಬ್ಬರ್ ಬುಷ್ಶನ್ನು ವಾರಕ್ಕೊಮ್ಮೆ ಮಗುಚಿ ನೋಡಬೇಕು. ತಳದ ವೃತ್ತಾಕಾರದ ಗೆರೆಗಳು ಸವೆದು ನುಣುಪಾಗಿದ್ದರೆ ಒದ್ದೆ ಟೈಲ್ಸ್ ಮೇಲೆ ಅದು ಸೋಪಿನ ಬಿಲ್ಲೆಯಿದ್ದ ಹಾಗೆ. ಒಂದು ಪಕ್ಕ ಮಾತ್ರ ಸವೆದಿದ್ದರೆ ಎತ್ತರ ತಪ್ಪಿದೆ, ಇಲ್ಲವೇ ವಾಕರನ್ನು ಎತ್ತದೆ ಎಳೆಯುತ್ತಿದ್ದಾರೆ ಎಂದರ್ಥ. ಹೊಸ ಬುಷ್ ಕೊಳ್ಳುವಾಗ ನೋಡಬೇಕಾದ್ದು ಕೊಳವೆಯ ಹೊರ ವ್ಯಾಸ. ಅಂದಾಜಿಗೆ ತಂದ ಸಡಿಲ ಬುಷ್ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ.

ಅಗಲವನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ವಾಕರ್‌ನ ಹಿಂದಿನ ಕಾಲುಗಳ ನಡುವೆ ಹೊರಗಿನಿಂದ ಹೊರಗೆ ಸಾಮಾನ್ಯವಾಗಿ 60 ಸೆಂ.ಮೀ. ಸುತ್ತಮುತ್ತ ಇರುತ್ತದೆ, ಕೆಲವದರಲ್ಲಿ ಇನ್ನೂ ಹೆಚ್ಚು. ಬಚ್ಚಲಮನೆಯ ಬಾಗಿಲು ಎಷ್ಟೋ ಕಡೆ ಅಷ್ಟೇ ಇರುತ್ತದೆ, ತೆರೆದ ಕದದ ದಪ್ಪ ಅದರಲ್ಲೂ ಮೂರ್ನಾಲ್ಕು ಸೆಂಟಿಮೀಟರ್ ತಿನ್ನುತ್ತದೆ. ಕದ ತೆರೆದಿಟ್ಟುಕೊಂಡೇ ಅಳೆಯಿರಿ. ತೂರದಿದ್ದರೆ ಅಡ್ಡಡ್ಡ ಹೆಜ್ಜೆ ಹಾಕಿ ಒಳಹೋಗುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಮೊದಲೇ ಕಲಿತಿರಬೇಕು. ವಾಕರನ್ನು ಅರ್ಧ ಮಡಚಿ ತೂರಿಸುವ ಉಪಾಯ ಮಾತ್ರ ಬೀಳುವ ಉಪಾಯ.

ನಡೆಯುವ ಕ್ರಮ ಸರಳ: ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಹೆಜ್ಜೆ ಚೌಕಟ್ಟಿನ ನಡುವಿಗೆ ನಿಲ್ಲಬೇಕು. ಮುಂದಿನ ಅಡ್ಡಪಟ್ಟಿಗೆ ತಾಗುವಷ್ಟು ಒಳಹೋದರೆ ಮೈ ಹಿಂದಕ್ಕೆ ವಾಲುತ್ತದೆ. ಕುರ್ಚಿಯಿಂದ ಏಳುವಾಗ ಕೈ ಇರಬೇಕಾದ್ದು ಕುರ್ಚಿಯ ತೋಳಿನ ಮೇಲೆ. ಮೂರು ಕಿಲೋದ ವಾಕರನ್ನು ಹಿಡಿದು ಎಳೆದರೆ ಅದು ರೋಗಿಯನ್ನು ಎಬ್ಬಿಸುವುದಿಲ್ಲ, ತಾನೇ ಅವರ ಮೇಲೆ ಬರುತ್ತದೆ.

ಮುಂದೆ ನೇತುಹಾಕುವ ಬಟ್ಟೆ ಚೀಲ ಒಳ್ಳೆಯದು, ಫೋನು, ಕನ್ನಡಕ, ಮುಚ್ಚಳ ಬಿಗಿಯಾದ ಚಿಕ್ಕ ಬಾಟಲಿಗೆ ಸಾಕು. ಅದರಲ್ಲಿ ಲೀಟರ್ ನೀರು ಹೊತ್ತರೆ ವಾಕರ್ ಮುಗ್ಗರಿಸುತ್ತದೆ. ಮೇಲೆ ಕೂರಿಸುವ ಪ್ಲಾಸ್ಟಿಕ್ ಟ್ರೇ ಬೇಡ. ಅದು ಪಾದವನ್ನೇ ಮರೆಮಾಡುತ್ತದೆ, ಪಾದ ಕಾಣದೆ ಇಡುವ ಹೆಜ್ಜೆಗೆ ಭರವಸೆಯಿಲ್ಲ.

ವಾಕರ್ ಬಿಟ್ಟು ಕೋಲಿಗೆ ಬಂದಾಗ, ಕೋಲು ಆಪರೇಷನ್ ಆಗದ ಕಡೆಯ ಕೈಯಲ್ಲಿರಬೇಕು. ನೋವಿರುವ ಕಡೆಯೇ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಎತ್ತರಕ್ಕೆ ಅದೇ ಮಣಿಕಟ್ಟಿನ ಅಳತೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲಿನ ಜೊತೆ ಆಪರೇಷನ್ ಆದ ಕಾಲು ಮೊದಲು.

ಕಮೋಡ್ ಎತ್ತರಿಸುವ ಸೀಟು

ವಾಕರ್ ನಂತರ ಅತಿ ಮುಖ್ಯವಾದದ್ದು ಇದು, ಅತಿ ಹೆಚ್ಚು ದೂರು ಬರುವುದೂ ಇದರ ಮೇಲೇ.

ಸೊಂಟದ ಕೀಲನ್ನು ಹಿಂಭಾಗದಿಂದ ತೆರೆದು ಬದಲಿಸಿದವರಿಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಮುಖ ತಿರುಗಿಸಬಾರದು ಎಂದು ಹೇಳಿರುತ್ತಾರೆ. ಮೀರಿದರೆ ಹೊಸ ಕೀಲಿನ ಗುಂಡು ಅದು ಕೂತ ಬಟ್ಟಲಿನಿಂದ ಜಾರುವ ಅಪಾಯ. ಮಾಮೂಲಿ ಕಮೋಡ್‌ನ ಸೀಟು ನೆಲದಿಂದ 40–43 ಸೆಂ.ಮೀ. ಎತ್ತರ. ರೋಗಿಯ ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡಿದರೆ 43 ಬಂತು ಅನ್ನಿ. ಸೊಂಟ ಮಂಡಿಗಿಂತ ಮೇಲಿರಬೇಕಾದರೆ ಕೂರುವ ಜಾಗ ಕನಿಷ್ಠ 48 ಇರಬೇಕು. 41ರ ಕಮೋಡ್‌ಗೆ 5 ಸೆಂ.ಮೀ. ಸೀಟು ಸಾಲದು, 10 ಸೆಂ.ಮೀ.ದು ಬೇಕು. ಇದ್ದುದರಲ್ಲಿ ದೊಡ್ಡದೇ ಇರಲಿ ಎಂದು ಕುಳ್ಳಗಿರುವವರಿಗೆ 15 ಸೆಂ.ಮೀ.ದು ತಂದರೆ ಪಾದ ನೆಲಕ್ಕೆ ತಾಗದೆ ತೂಗಾಡುತ್ತದೆ. ಪಾದ ಊರದಿದ್ದರೆ ಮಲವಿಸರ್ಜನೆಯೂ ಕಷ್ಟ, ಏಳುವುದೂ ಕಷ್ಟ. ನೋವಿನ ಬಲವಾದ ಮಾತ್ರೆಗಳು ಮೊದಲೇ ಮಲಬದ್ಧತೆ ತರುತ್ತವೆ. ಅದರ ಮೇಲೆ ಇದೂ ಬೇಡ.

ಮಂಡಿ ಬದಲಿಸಿಕೊಂಡವರಿಗೆ ಈ 90 ಡಿಗ್ರಿಯ ಕಟ್ಟುಪಾಡು ಇಲ್ಲ. ಆದರೂ ಮೊದಲ ಮೂರ್ನಾಲ್ಕು ವಾರ ತಗ್ಗಿನ ಸೀಟಿನಿಂದ ಏಳಲು ಮಂಡಿ ಒಪ್ಪುವುದಿಲ್ಲ. ಅವರಿಗೆ ಎತ್ತರಕ್ಕಿಂತ ಎರಡು ಪಕ್ಕ ಕೈಯೂರುವ ತೋಳುಗಳು ಮುಖ್ಯ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಕಮೋಡ್ ಅಂಚಿನ ಮೇಲೆ ಕೂರಿಸಿ ಪಕ್ಕದ ತಿರುಪಿನಿಂದ ಬಿಗಿಯುವ ಪ್ಲಾಸ್ಟಿಕ್ ಸೀಟು. ಇದರ ದೊಡ್ಡ ದೋಷ ತಿರುಪು. ದಿನಕ್ಕೆ ಆರೇಳು ಸಲ ಕೂತೆದ್ದರೆ ಅದು ತಾನಾಗಿ ಸಡಿಲವಾಗುತ್ತದೆ. ತೊಳೆಯಲು ಒಂದು ಪಕ್ಕ ವಾಲಿದಾಗ ಆ ಬದಿಯ ಅಂಚು ಒತ್ತಿ, ಎದುರಿನ ಅಂಚು ಎದ್ದುಬಿಡುತ್ತದೆ. ಪ್ರತಿದಿನ ಬೆಳಗ್ಗೆ ಮನೆಯವರು ಯಾರಾದರೂ ಎರಡೂ ಅಂಗೈಯಿಂದ ಒಂದೇ ಅಂಚನ್ನು ಬಲವಾಗಿ ಒತ್ತಿ ನೋಡಲಿ. ಎದುರು ಬದಿ ಕದಲಿದರೆ ತಿರುಪು ಬಿಗಿಯಲಿ. ದುಂಡನೆಯ ಕಮೋಡ್‌ಗೆ ಮಾಡಿದ್ದು ಉದ್ದನೆಯದಕ್ಕೆ ಕೂರುವುದಿಲ್ಲ. ಕೊಳ್ಳುವ ಮೊದಲು ಕಮೋಡ್ ಬಾಯಿಯ ಉದ್ದಗಲ ಬರೆದುಕೊಂಡು ಹೋಗಿ.

ಎರಡನೆಯದು ಅದೇ ಸೀಟಿಗೆ ತೋಳು ಸೇರಿಸಿದ್ದು. ತೋಳುಗಳು ನೆಲಕ್ಕೆ ತಾಗಿರುವುದಿಲ್ಲ, ಸೀಟಿಗೇ ಅಂಟಿಕೊಂಡಿರುತ್ತವೆ. ಒಂದೇ ತೋಳಿನ ಮೇಲೆ ಭಾರ ಹಾಕಿದರೆ ಇಡೀ ಸೀಟು ಮಗುಚಲು ನೋಡುತ್ತದೆ. ಎರಡೂ ಕೈ ಸಮನಾಗಿ ಊರುವವರಿಗೆ ಮಾತ್ರ ಸರಿ.

ಮೂರನೆಯದು ನಾಲ್ಕು ಕಾಲಿನ ಕಮೋಡ್ ಕುರ್ಚಿ. ಒಳಗಿನ ಪಾತ್ರೆ ತೆಗೆದು, ತಳವಿಲ್ಲದ ಪ್ಲಾಸ್ಟಿಕ್ ಕೊಳವೆಯನ್ನು ಅದರ ಜಾಗಕ್ಕೆ ಕೂರಿಸಿ ಕಮೋಡ್ ಮೇಲೆ ನಿಲ್ಲಿಸುವುದು. ಭಾರ ಕಮೋಡ್‌ಗೆ ಬೀಳದೆ ನೆಲಕ್ಕೆ ಇಳಿಯುತ್ತದೆ, ತೋಳುಗಳ ಭಾರವೂ ಅಷ್ಟೇ. ಜಾಗ ಇದ್ದವರಿಗೆ ನಮ್ಮ ಆಯ್ಕೆ ಇದೇ. ರಾತ್ರಿ ಪಾತ್ರೆ ಹಾಕಿ ಮಂಚದ ಪಕ್ಕಕ್ಕೂ ಆಗುತ್ತದೆ. ಕಾಲುಗಳ ಎತ್ತರ ಹೊಂದಿಸುವುದು ವಾಕರ್‌ನಂತೆಯೇ, ಗುಂಡಿಯ ಅಪಾಯವೂ ಅದೇ. ಚಕ್ರವಿರುವ ಮಾದರಿ ಈ ಕೆಲಸಕ್ಕೆ ಬೇಡ. ಹೊರುವ ತೂಕ ಎಷ್ಟೆಂದು ಚೀಟಿಯಲ್ಲಿ ಬರೆದಿರುತ್ತದೆ, ಓದಿ.

ಗೋಡೆಗೆ ಗಾಳಿಯಿಂದ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಯನ್ನು ನಂಬಬಾರದು. ಟೈಲ್ಸ್‌ಗಳ ನಡುವಿನ ಸಂದು ಬಟ್ಟಲಿನ ಅಂಚಿಗೆ ತಾಗಿದರೂ ಸಾಕು, ಗಾಳಿ ನುಸುಳಿ ಸುಳಿವಿಲ್ಲದೆ ಕಳಚುತ್ತದೆ. ಟವೆಲ್ ಹಾಕುವ ಸರಳೂ ಹಿಡಿಕೆಯಲ್ಲ. ಗೋಡೆಗೆ ತಿರುಪು ಹೊಡೆದು ನಿಲ್ಲಿಸಿದ್ದೇ ಬೇಕು, ಅದಕ್ಕೂ ಮುಷ್ಟಿ ಪೂರ್ತಿ ಸುತ್ತುವ ದಪ್ಪ, ಬೆರಳು ಆಡುವಷ್ಟು ಸಂದು ಇರಲಿ.

ತಂಪು ಕೊಡುವ ಸಾಧನಗಳು

ಮಂಡಿಯ ಊತ ಮೊದಲ ವಾರ ಏರಿ ನಿಧಾನವಾಗಿ ಇಳಿಯುತ್ತದೆ. ಒಂದಿಷ್ಟು ಊತ, ಬಿಸಿ ಮೂರರಿಂದ ಆರು ತಿಂಗಳವರೆಗೂ ಉಳಿಯಬಹುದು. ಆದ್ದರಿಂದ ತಂಪು ಕೊಡುವ ವ್ಯವಸ್ಥೆ ನಾಲ್ಕು ದಿನದ ಮಾತಲ್ಲ.

ಐಸ್ ನೀರನ್ನು ಪಂಪ್ ಮೂಲಕ ಪಟ್ಟಿಯೊಳಗೆ ಸುತ್ತಿಸುವ ಮೆಷಿನ್‌ನ ಗುಣ ಅನುಕೂಲ, ಅಷ್ಟೇ. ಒಮ್ಮೆ ತುಂಬಿದರೆ ಗಂಟೆಗಟ್ಟಲೆ ಯಾರೂ ಏಳಬೇಕಿಲ್ಲ. ನೋಡಿಕೊಳ್ಳಲು ಒಬ್ಬರೇ ಇರುವ ಮನೆಯಲ್ಲಿ ಅದು ದೊಡ್ಡ ಮಾತೇ. ಆದರೆ ಮಂಡಿ ಬೇಗ ಬಗ್ಗುತ್ತದೆ ಎಂಬ ಆಸೆಗೆ ಕೊಳ್ಳಬೇಡಿ. ಪಟ್ಟಿ ಬೆವರಿ ಡ್ರೆಸಿಂಗ್ ಒದ್ದೆಯಾಗುವುದು, ಕೊಳವೆ ತೊಡೆಯಡಿ ಸಿಕ್ಕಿ ನೀರು ನಿಲ್ಲುವುದು ಮಾಮೂಲು. ರಾತ್ರಿಯಿಡೀ ಚಾಲೂ ಇಟ್ಟು ಮಲಗಿದರೆ ಚರ್ಮ ಸುಟ್ಟಂತಾಗುತ್ತದೆ.

ಜೆಲ್ ಪ್ಯಾಕ್ ಕೊಳ್ಳುವುದಾದರೆ ಮಂಡಿಯ ಎರಡೂ ಪಕ್ಕ ಆವರಿಸುವ ದೊಡ್ಡ ಗಾತ್ರದ್ದನ್ನು, ಕನಿಷ್ಠ ಮೂರು ಕೊಳ್ಳಿ: ಒಂದು ಕಾಲಿನ ಮೇಲೆ, ಎರಡು ಫ್ರೀಜರ್‌ನಲ್ಲಿ. ಒಂದು ಎಚ್ಚರ: ಫ್ರೀಜರ್‌ನಿಂದ ಆಗತಾನೇ ತೆಗೆದ ಜೆಲ್ ಮೈನಸ್ 18 ಡಿಗ್ರಿಯ ಹತ್ತಿರ ಇರುತ್ತದೆ. ನೀರು ಬೆರೆಸಿದ ಪುಡಿ ಐಸಾದರೆ ಕರಗಿ ಮುಗಿಯುವವರೆಗೂ ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ಹಾಗಾಗಿ ಚರ್ಮಕ್ಕೆ ಜೆಲ್‌ಗಿಂತ ಅದೇ ಸೌಮ್ಯ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಮೂರು ಪಾಲು ನೀರಿಗೆ ಒಂದು ಪಾಲು ಗಾಯ ಒರೆಸುವ ಸ್ಪಿರಿಟ್ ಸೇರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಮುಕ್ಕಾಲು ತುಂಬಿ, ಗಾಳಿ ತೆಗೆದು, ಇನ್ನೊಂದು ಚೀಲದೊಳಗಿಟ್ಟು ಫ್ರೀಜರ್‌ಗೆ ಹಾಕಿ. ಗಟ್ಟಿಯಾಗದೆ ಕೆಸರಿನಂತೆ ಮೆತ್ತಗಿದ್ದು ಮಂಡಿಯ ಆಕಾರಕ್ಕೆ ಕೂರುತ್ತದೆ. ಇದೂ ಸೊನ್ನೆಗಿಂತ ಕೆಳಗೇ ಇರುತ್ತದೆ, ಬಟ್ಟೆಯ ಪದರ ತಪ್ಪಬಾರದು. ಚೀಲದ ಮೇಲೆ 'ಕುಡಿಯುವುದಲ್ಲ' ಎಂದು ದಪ್ಪಗೆ ಬರೆದಿಡಿ.

ಯಾವುದೇ ಆದರೂ ಒಂದು ಪದರ ತೆಳು ಬಟ್ಟೆ, ಒಮ್ಮೆಗೆ 15–20 ನಿಮಿಷ, ಆಮೇಲೆ ಗಂಟೆಯಾದರೂ ಬಿಡುವು. ಮಂಡಿ ಆಪರೇಷನ್‌ನಲ್ಲಿ ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಿರುವುದು ಸಾಮಾನ್ಯ, ಅಲ್ಲಿಗೆ ಹೋಗುವ ಸಣ್ಣ ನರ ಕೊಯ್ತದಲ್ಲಿ ತುಂಡಾಗಿರುತ್ತದೆ. ಅತಿ ತಂಪು ತಾಗಿದರೂ ಅಲ್ಲಿ ತಿಳಿಯುವುದಿಲ್ಲ. 'ಸಹಿಸುವಷ್ಟು ಹೊತ್ತು ಇಡಿ' ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಗಡಿಯಾರ ನೋಡಿ, ಆಮೇಲೆ ಚರ್ಮ ನೋಡಿ.

ಮಂಡಿ ಬಗ್ಗಿಸುವ ಮೆಷಿನ್

ಕಾಲು ಮಲಗಿಸಿದರೆ ಮೋಟಾರಿನಿಂದ ತಾನೇ ಬಗ್ಗಿಸಿ ಚಾಚುವ ಯಂತ್ರವನ್ನು ಬಾಡಿಗೆಗೆ ತರಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಬೇಡ. ಈ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2014ರ ವಿಮರ್ಶೆಯಲ್ಲಿ ಮಂಡಿ ಬಾಗುವಿಕೆಗೆ ಸಿಕ್ಕ ಲಾಭ ಸರಾಸರಿ 2 ಡಿಗ್ರಿ. ಕುರ್ಚಿಯಿಂದ ಏಳಲು 90 ಡಿಗ್ರಿ ದಾಟಿ ಬಾಗಬೇಕಾದ ಮಂಡಿಗೆ ಎರಡು ಡಿಗ್ರಿ ಲೆಕ್ಕಕ್ಕಿಲ್ಲ. ಆ ದುಡ್ಡಿನಲ್ಲಿ ಫಿಸಿಯೋಥೆರಪಿಸ್ಟ್‌ರನ್ನು ಇನ್ನಷ್ಟು ಸಲ ಮನೆಗೆ ಕರೆಸಬಹುದು. ನುಣುಪಾದ ಹಲಗೆ, ಕಾಲುಚೀಲ ತೊಟ್ಟ ಹಿಮ್ಮಡಿ, ಪಾದಕ್ಕೆ ಹಾಕಿ ಎಳೆಯಲು ಒಂದು ಟವೆಲ್ ಇದ್ದರೆ ಹಿಮ್ಮಡಿ ಜಾರಿಸುವ ವ್ಯಾಯಾಮ ಚೆನ್ನಾಗಿಯೇ ನಡೆಯುತ್ತದೆ.

ನೆಲದ ಮೇಲಿಡುವ ಪೆಡಲ್ ಯಂತ್ರ ಪರವಾಗಿಲ್ಲ, ತಡವಾಗಿ ಬೇಕಾಗುತ್ತದೆ. ಪೂರ್ತಿ ಸುತ್ತು ಬರುವ ತನಕ ಅರ್ಧ ಸುತ್ತು ಮುಂದೆ, ಅರ್ಧ ಹಿಂದೆ. ತಳಕ್ಕೆ ರಬ್ಬರ್ ಚಾಪೆ ಹಾಸದಿದ್ದರೆ ಅದು ತುಳಿದಂತೆಲ್ಲ ದೂರ ಸರಿಯುತ್ತ ಹೋಗುತ್ತದೆ.

ದಿಂಬು, ಕುರ್ಚಿ

ಮಂಡಿಯ ಕೆಳಗೆ ಇಡುವ ಮೆತ್ತನೆಯ ದಿಂಬು ಅಂಗಡಿಯಲ್ಲಿ ಸಿಗುವ ಅತಿ ಹಾನಿಕರ ವಸ್ತು. ಸುಖವಾಗಿರುತ್ತದೆ, ಅದೇ ತೊಂದರೆ. ಬಾಗಿದ ಸ್ಥಿತಿಯಲ್ಲೇ ಮಂಡಿ ಬಿಗಿದುಕೊಂಡು ಪೂರ್ತಿ ನೆಟ್ಟಗಾಗದೆ ಉಳಿಯಬಹುದು, ಆಮೇಲೆ ನಡಿಗೆ ಕುಂಟಾಗಬಹುದು. ಸುರುಳಿ ಸುತ್ತಿದ ಟವೆಲ್ ಹಿಮ್ಮಡಿಯ ಕೆಳಗಿರಲಿ, ಮಂಡಿಯ ಕೆಳಗೆ ಗಾಳಿಯಾಡಲಿ. ಸೊಂಟದವರಿಗೆ ಮಾತ್ರ ಎರಡು ಕಾಲುಗಳ ನಡುವೆ ಇಡುವ ಬೆಣೆ ದಿಂಬು ಅರ್ಥವುಳ್ಳದ್ದು, ಡಾಕ್ಟರು ಹೇಳಿದಷ್ಟು ವಾರ.

ಹಿಂದಕ್ಕೊರಗುವ ಮೆತ್ತನೆ ಕುರ್ಚಿಯಲ್ಲೂ ಅದೇ ಬಲೆ, ಮಂಡಿ ಅರ್ಧ ಬಾಗಿಯೇ ಇರುತ್ತದೆ. ಗಟ್ಟಿ ಸೀಟು, ಎರಡು ತೋಳು, ಚಕ್ರವಿಲ್ಲದ ನಾಲ್ಕು ಕಾಲು ಇರುವ ಮಾಮೂಲಿ ಕುರ್ಚಿ ಸಾಕು. ತಗ್ಗಾದರೆ ಗಟ್ಟಿ ಫೋಮ್ ಹಾಕಿ.

ಉದ್ದ ಹಿಡಿಕೆಯ ಕಿಟ್, ಬಿಗಿ ಕಾಲುಚೀಲ

ಐದು ಸಾಮಾನು ಒಂದೇ ಚೀಲದಲ್ಲಿ ಸಿಗುವ ಕಿಟ್ ನಿಜಕ್ಕೂ ಸೊಂಟದವರಿಗೆ ಮಾಡಿದ್ದು, ಏಕೆಂದರೆ ಬಾಗಿ ಪಾದ ಮುಟ್ಟಬಾರದವರು ಅವರು. ಮಂಡಿಯವರಿಗೆ ಇಡೀ ಕಿಟ್ ದಂಡ. ಅದರೊಳಗಿನ ಚಿಮಟ ಮಾತ್ರ ಇಬ್ಬರಿಗೂ ಬೇಕು, 75–80 ಸೆಂ.ಮೀ. ಉದ್ದದ್ದು, ಬಾಯಿಗೆ ರಬ್ಬರ್ ಇರುವಂಥದ್ದು. ನೆಲದ ಮೇಲೆ ಬಿದ್ದ ಮಾತ್ರೆ ಪಟ್ಟಿಯನ್ನು ಎತ್ತಬಲ್ಲದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಉದ್ದನೆಯ ಶೂ ಹಾರ್ನ್ ಒಳ್ಳೆಯದು. ಕಾಲು ಎತ್ತುವ ಪಟ್ಟಿಯ ಕೆಲಸವನ್ನು ನಡುಪಟ್ಟಿಯೂ ಮಾಡುತ್ತದೆ. ಕಾಲುಚೀಲ ಏರಿಸುವ ಪ್ಲಾಸ್ಟಿಕ್ ದೋಣಿ ಸಡಿಲ ಕಾಲುಚೀಲಕ್ಕೆ ಸರಿ, ರಕ್ತ ಹೆಪ್ಪುಗಟ್ಟದಂತೆ ತೊಡಿಸುವ ಬಿಗಿ ಕಾಲುಚೀಲವನ್ನು ಅದರಿಂದ ಏರಿಸಲಾಗದು. ಅದಕ್ಕೆ ಬೇರೆ ಉಪಾಯ: ಪಾದಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲೆ ಜಾರಿಸಿ, ಆಮೇಲೆ ಕಾಲುಚೀಲದ ಬೆರಳ ತುದಿಯ ತೂತಿನಿಂದ ಪ್ಲಾಸ್ಟಿಕ್ ಚೀಲ ಎಳೆದುಕೊಳ್ಳುವುದು.

ಬಿಗಿ ಕಾಲುಚೀಲವನ್ನು ಡಾಕ್ಟರು ಹೇಳಿದರೆ ಮಾತ್ರ ತೊಡಿ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಅದು ಅಪಾಯ. ಪಾದದ ಗಂಟು ಮತ್ತು ಮೀನಖಂಡದ ಸುತ್ತಳತೆ ತೆಗೆದು ಕೊಳ್ಳಬೇಕು, ಊತ ಏರಿದರೆ ಮತ್ತೆ ಅಳೆಯಬೇಕು. ಮೇಲಂಚು ಸುರುಳಿಯಾಗಿ ಉರುಳಿದರೆ ಅದೇ ಹಗ್ಗ ಕಟ್ಟಿದಂತೆ. ದಿನಕ್ಕೊಮ್ಮೆ ಕಳಚಿ ಹಿಮ್ಮಡಿ ನೋಡಿ. ಇದು ರಕ್ತ ತೆಳುವಾಗಿಸುವ ಮಾತ್ರೆಗೆ ಬದಲಿಯಲ್ಲ. ಮೀನಖಂಡದಲ್ಲಿ ಹೊಸ ನೋವು, ಊತ ಕಂಡರೆ ಅದೇ ದಿನ ಡಾಕ್ಟರಿಗೆ ಹೇಳಿ. ಏದುಸಿರು, ಎದೆನೋವು ಬಂದರೆ ಆಂಬುಲೆನ್ಸ್.

ಹಳೆಯದನ್ನು ತಂದರೆ

ಮೂರು ತಿಂಗಳ ಕೆಲಸಕ್ಕೆ ಹೊಸದೇ ಬೇಕೆಂದಿಲ್ಲ. ವಾಕರ್, ಕಮೋಡ್ ಕುರ್ಚಿ ಕೈಬದಲಾದರೂ ತಪ್ಪಿಲ್ಲ. ಕಾಲಿನ ಗುಂಡಿ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ವಾಪಸ್ ಕೊಡಿ. ಕೊಳವೆ ಬಾಗುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಉಗುರಿನಿಂದ ಕೆರೆದು ನೋಡಿ. ಮಡಚುವ ಬೀಗವನ್ನು ಹತ್ತು ಸಲ ತೆಗೆದು ಹಾಕಿ. ಬುಷ್‌ಗಳು ಹೇಗಿದ್ದರೂ ನಾಲ್ಕನ್ನೂ ಹೊಸದು ಹಾಕಿಸಿ. ಕಮೋಡ್ ಸೀಟು, ಬಿಗಿ ಕಾಲುಚೀಲ ಮಾತ್ರ ಹೊಸದೇ ಇರಲಿ.